ಮೇಸ್ತ್ರಿ ಉಳಿಸಿಕೊಂಡ ಮಾತು

ಜೂನ್ ೯

ಬಣ್ಣದ ಮಾವನಿಗೆ,

ನಮಸ್ಕಾರ. ಅಕ್ಷರ ನೋಡಿ ನಿಮಗೆ ಗುರುತು ಸಿಗಲಿಕ್ಕಿಲ್ಲ. ನೀವು ನನ್ನನ್ನು ಕೊನೆಯ ಸಲ ನೋಡಿದಾಗ ಕಾಲೇಜು ಓದುತ್ತಿದ್ದೆ. ಈಗ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನಾಟಕದ ಕಂಪನಿಯ ಶೆಡ್ಡಿನಲ್ಲಿ ಅಯಸ್ಕಾಂತಕ್ಕೆ ದಾರ ಕಟ್ಟಿ, ನೆಲದ ಮೇಲೆಲ್ಲ ಎಳೆದಾಡಿ, ಉದುರಿದ ಮೊಳೆ ಆರಿಸುತ್ತಿದ್ದ ಹುಡುಗಿಯೊಬ್ಬಳಿದ್ದಳಲ್ಲ? ಅವಳೇ ನಾನು. ಮೇಸ್ತ್ರಿಯ ಮಗಳು. ನೀವೇ ಹೆಸರಿಟ್ಟ ಮೊಳೆಮರಿ.

ನಿಮ್ಮ ವಿಳಾಸ ಕೊಟ್ಟದ್ದು ಮೇಕಪ್ ಅಕ್ಕ. ಕೊಡುವ ಮೊದಲು, "ನಾನು ಕೊಟ್ಟೆ ಅಂತ ಮಾತ್ರ ಹೇಳ್ಬೇಡ ಕಣೇ" ಅಂದರು. ಹೇಳಿಬಿಟ್ಟೆ. ಇನ್ನು ಮುಚ್ಚುಮರೆ ಯಾಕೆ.

ಮಾವ, ಅಪ್ಪನಿಗೆ ಮಾರ್ಚ್ ತಿಂಗಳಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲಿನಲ್ಲಿ ಶಕ್ತಿ ಇಲ್ಲ. ಕೋಲು ಹಿಡಿದು ಬಚ್ಚಲಿನವರೆಗೆ ನಡೆಯುತ್ತಾರೆ, ಅದು ಪರವಾಗಿಲ್ಲ. ಆದರೆ ಮಾತು ಹೋಯಿತು. ಪೂರ್ತಿ ಹೋಗಿದ್ದರೆ ಹೇಗೋ ಏನೋ, ಒಂದೇ ಒಂದು ಪದ ಉಳಿದಿದೆ. "ಸೆಟ್."

ನೀರು ಬೇಕಾದರೂ ಸೆಟ್. ನೀರು ಸಾಕಾದರೂ ಸೆಟ್. ಅಮ್ಮನನ್ನು ಕರೆಯುವುದಕ್ಕೂ ಅದೇ, ಓಡಿಸುವುದಕ್ಕೂ ಅದೇ. ಮೊದಲ ವಾರ ನಾವು ಹುಚ್ಚರ ಹಾಗೆ ಓಡಾಡಿದೆವು. ಸೆಟ್ ಅಂದಾಗ ಅಮ್ಮ ಟೀವಿ ಸೆಟ್ ಹಾಕಿದರು. ಅಲ್ಲ. ಲೋಟದಲ್ಲಿ ನೆನೆಸಿಟ್ಟ ಹಲ್ಲಿನ ಸೆಟ್ ತಂದುಕೊಟ್ಟರು. ಅಲ್ಲ. ಕಪ್ಪು ಸಾಸರು ಸೆಟ್ಟಿನಲ್ಲಿ ಚಹಾ ಕೊಟ್ಟರು. ಕುಡಿದರು, ಆದರೆ ಅದೂ ಅಲ್ಲ. ಗಡಿಯಾರ ಸೆಟ್ ಮಾಡಲೇ ಅಂತ ನಾನು ಕೇಳಿದೆ. ದಿಂಬು ಎಸೆದರು.

ಮಾತು ಕಲಿಸಲು ಬರುವ ಮೇಡಂ ಬಹಳ ತಾಳ್ಮೆಯವರು. ಅವರು ಹೇಳಿದ್ದು ಇಷ್ಟು: "ಇವರಿಗೆ ನಾವಾಡೋದೆಲ್ಲ ಅರ್ಥ ಆಗುತ್ತೆ. ಮನಸ್ಸಿನಲ್ಲಿ ನೂರು ಮಾತಿವೆ. ಹೊರಗೆ ಬರೋ ದಾರಿ ಕೆಟ್ಟಿದೆ. ಯಾವ ಮಾತು ಹೊರಟರೂ ಬಾಯಿಗೆ ಬರೋದು ಈ ಒಂದೇ ಪದ. ಪದ ಕೇಳ್ಬೇಡಿ, ದನಿ ಕೇಳಿ."

ದನಿ ಕೇಳುತ್ತಿದ್ದೇವೆ. ಆದರೆ ದಿನಾ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಗೋಡೆ ನೋಡುತ್ತಾ ಒಂದು ಬಗೆಯಲ್ಲಿ ಸೆಟ್ ಸೆಟ್ ಅನ್ನಲು ಶುರು ಮಾಡುತ್ತಾರೆ. ಎಡಗೈಯಿಂದ ಗಾಳಿಯಲ್ಲಿ ದೊಡ್ಡದೊಂದು ಚೌಕ ಬರೆಯುತ್ತಾರೆ. ನಮಗೆ ತಿಳಿಯುವುದಿಲ್ಲ. ಸಿಟ್ಟು ಬಂದು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ, ಆಮೇಲೆ ಅಳುತ್ತಾರೆ. ಅಪ್ಪ ಅಳುವುದನ್ನು ನಾನು ನೋಡಿರಲಿಲ್ಲ ಮಾವ.

ಅಪ್ಪ ರಂಗದ ಮೇಲೆ ಮನೆ ಕಟ್ಟುತ್ತಿದ್ದರು, ನೀವು ಅದಕ್ಕೆ ಬಣ್ಣ ಹಚ್ಚುತ್ತಿದ್ದಿರಿ. ನಾನು ಹುಟ್ಟುವ ಮೊದಲಿನಿಂದ ಒಟ್ಟಿಗೆ ಇದ್ದವರು. ಈ ಪದದ ಗುಟ್ಟು ಯಾರಿಗಾದರೂ ಗೊತ್ತಿದ್ದರೆ ಅದು ನಿಮಗೆ. ನೀವಿಬ್ಬರೂ ಮಾತು ಬಿಟ್ಟದ್ದು ನನಗೆ ಗೊತ್ತು, ಯಾಕೆ ಅಂತ ಗೊತ್ತಿಲ್ಲ. ಬನ್ನಿ ಅಂತ ಕರೆಯುತ್ತಿಲ್ಲ. ಬರೆಯಿರಿ, ಸಾಕು. ಫೋನ್ ನಂಬರು ಕೊಟ್ಟರೆ ನಾನೇ ಮಾಡುತ್ತೇನೆ.

ನಿಮ್ಮ
ಮೊಳೆಮರಿ


ಜೂನ್ ೨೪

ಮೊಳೆಮರಿಗೆ ಆಶೀರ್ವಾದ.

ಮೊದಲೇ ಹೇಳಿಬಿಡುತ್ತೇನೆ: ನಿಮ್ಮಪ್ಪನ ಮೇಲಿನ ನನ್ನ ಸಿಟ್ಟು ಹಾಗೇ ಇದೆ. ಲಕ್ವ ಹೊಡೆಯಿತು ಅಂತ ಅದು ಇಳಿಯುವುದಿಲ್ಲ. ಫೋನ್ ನಂಬರು ಕೊಡುವುದಿಲ್ಲ. ಫೋನಿನಲ್ಲಿ ನಾನು ಬೇಗ ಕರಗಿಬಿಡುತ್ತೇನೆ. ಕಾಗದದ ಮೇಲಾದರೆ ಸಿಟ್ಟು ಸ್ವಲ್ಪ ನಿಲ್ಲುತ್ತದೆ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಕನ್ನಡಕ ಒರೆಸಿಕೊಂಡು ಓದಿದೆ. ಏನೂ ಅಂದುಕೊಳ್ಳಬೇಡ, ಕನ್ನಡಕಕ್ಕೆ ಧೂಳು ಕೂತಿತ್ತು. ಸೈಕಲ್ ಅಂಗಡಿಯ ಮೇಲಿನ ಕೋಣೆ ನನ್ನದು, ಕೆಳಗಿಂದ ಧೂಳು ಬರುತ್ತಲೇ ಇರುತ್ತದೆ.

ಮಾತೆಲ್ಲ ಹೋಗಿ ಒಂದು ಉಳಿಯಿತು ಅಂದೆ. ನಿನಗೆ ನೆನಪಿಲ್ಲವಾ? ಅವನ ಹತ್ತಿರ ಆಗಲೂ ಇದ್ದದ್ದು ಅದೊಂದೇ! ಬಂದ ಒಂದೇ ಇಂಗ್ಲಿಷ್ ಪದವನ್ನು ಜೀವಮಾನವೆಲ್ಲ ತೇಯ್ದ. ನಾವು ರಂಗದ ಮೇಲೆ ಹಾಕುವುದು ಸೆಟ್. ಅಂಟು ಹಚ್ಚಿದ ಮರವನ್ನು ಮುಟ್ಟಲು ಹೋದರೆ, "ಮುಟ್ಬೇಡ, ಸೆಟ್ ಆಗ್ಲಿ." ಗರಗಸದ ಹಲ್ಲನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಬಗ್ಗಿಸುತ್ತಾರಲ್ಲ, ಮರದೊಳಗೆ ಸಿಕ್ಕಿಕೊಳ್ಳಬಾರದು ಅಂತ, ಅದು ಗರಗಸದ ಸೆಟ್. ನಾಯಕನಿಗೂ ನಾಯಕಿಗೂ ಜಗಳವಾದರೆ, "ಅವರಿಬ್ರಿಗೆ ಸೆಟ್ ಆಗಲ್ಲ ಬಿಡು." ಆಮೇಲೆ ಅವರಿಬ್ಬರೂ ಓಡಿಹೋಗಿ ಮದುವೆಯಾದಾಗ, "ನೋಡ್ದ್ಯಾ, ಸೆಟ್ಟಾಗ್ಬಿಟ್ರು." ನಿನ್ನ ಅಮ್ಮ ಮೊದಲ ಸಲ ಬಸುರಿ ಅಂತ ತಿಳಿದ ದಿನ ಶೆಡ್ಡಿಗೆ ಬಂದು ಏನೆಂದ ಗೊತ್ತಾ? ಸುತ್ತಿಗೆ ಕೆಳಗಿಟ್ಟು, ಕಿವಿಯವರೆಗೆ ಹಲ್ಲು ಬಿಟ್ಟು, "ಸೆಟ್ ಕಣೋ ಕುಂಚಾ" ಅಂದ. ಅದು ನೀನು.

ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಹಸಿ ಮರದ ವಾಸನೆ, ಟರ್ಪೆಂಟೈನ್ ವಾಸನೆ. ತಗಡಿನ ಸಂದಿಯಿಂದ ಬಿಸಿಲಿನ ಕೋಲುಗಳು. ಅವನು ಒಂದು ಕಡೆ ಕೊಯ್ಯುತ್ತಿದ್ದ, ನಾನು ಇನ್ನೊಂದು ಕಡೆ ಬಳಿಯುತ್ತಿದ್ದೆ. ಅವನ ಮರದ ಹೊಟ್ಟು ಹಾರಿಬಂದು ನನ್ನ ಹಸಿ ಆಕಾಶಕ್ಕೆ ಅಂಟಿಕೊಳ್ಳುತ್ತಿತ್ತು. ದಿನಾ ಬೈಯುತ್ತಿದ್ದೆ. "ನಕ್ಷತ್ರ ಅಂದ್ಕೋ" ಅನ್ನುತ್ತಿದ್ದ.

ಎಲ್ಲಿಗೋ ಹೋದೆ. ನಿನ್ನ ಆ ಮೇಡಂ ಹೇಳಿದ್ದು ಸರಿ, ದನಿ ಕೇಳು. ಕಡ್ಡಿ ಮುರಿದ ಹಾಗೆ ಚಿಕ್ಕದಾಗಿ ಅಂದರೆ "ಆಯ್ತು, ಪರದೆ ಎಳಿ" ಅಂತ. ಎಳೆದು ಅಂದರೆ "ಅವಸರ ಮಾಡಬೇಡ." ಮೂಗಿನಿಂದ ಅಂದರೆ ಯಾರೋ ಕೆಲಸ ಕೆಡಿಸಿದ್ದಾರೆ. ಅವನ ಗರಗಸ ಇದ್ದರೆ ಕೈಗೆ ಕೊಟ್ಟು ನೋಡು.

ಇಷ್ಟನ್ನು ನಿನಗೋಸ್ಕರ ಬರೆದೆ, ಅವನಿಗೋಸ್ಕರ ಅಲ್ಲ.

ನಿನ್ನ
ಬಣ್ಣದ ಮಾವ


ಜುಲೈ ೮

ಮಾವನಿಗೆ,

ನಿಮ್ಮ ಪತ್ರ ಬಂದ ಸಂಜೆಯೇ ಮಂಚದಡಿಯಿಂದ ಅಪ್ಪನ ಸಾಮಾನಿನ ಪೆಟ್ಟಿಗೆ ಎಳೆದೆ. ಗರಗಸ ತೊಡೆಯ ಮೇಲಿಟ್ಟೆ. ಅಪ್ಪ ಅದರ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಮೂಗಿನಿಂದ, ಎಷ್ಟು ಅಸಹ್ಯ ಪಟ್ಟುಕೊಂಡು ಅಂದರೆ, "ಸ್ಸೆಟ್!"

ಅಮ್ಮನ ಮುಖ ಸಣ್ಣಗಾಯಿತು. ಕಳೆದ ವರ್ಷ ನಲ್ಲಿ ರಿಪೇರಿಯವನು ಕೇಳಿದಾಗ ಗರಗಸ ಕೊಟ್ಟಿದ್ದರಂತೆ, ಅವನು ಕಬ್ಬಿಣದ ಪೈಪು ಕೊಯ್ದು ವಾಪಸು ಇಟ್ಟಿದ್ದನಂತೆ. "ನಿಮ್ಮಪ್ಪಂಗೆ ಗೊತ್ತಾಗ್ದೇ ಇರ್ಲಿ ಅಂತ ಪೆಟ್ಟಿಗೆ ತಳಕ್ಕೆ ಹಾಕಿದ್ದೆ ಕಣೇ" ಅಂದರು. ಅಪ್ಪ ಅಮ್ಮನನ್ನು ನೋಡಿ ಇನ್ನೊಂದು ಸಲ ಮೂಗಿನಿಂದ ಸೆಟ್ ಅಂದರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಈ ಮನೆಯಲ್ಲಿ ಗಂಡ ಹೆಂಡತಿ ಸರಿಯಾಗಿ ಜಗಳವಾಡಿ ಮೂರು ತಿಂಗಳಾಗಿತ್ತು.

ಭಾನುವಾರ ಇಡೀ ಬೆಳಗ್ಗೆ ಗರಗಸಕ್ಕೆ ಸೆಟ್ ಮಾಡಿದೆವು. ಅಪ್ಪ ಎಡಗೈಯಲ್ಲಿ ಇಕ್ಕಳ ಹಿಡಿದರು, ನಾನು ಗರಗಸವನ್ನು ಮೊಣಕಾಲಿನ ನಡುವೆ ಬಿಗಿಹಿಡಿದೆ. ಒಂದು ಹಲ್ಲು ಅತ್ತ, ಒಂದು ಹಲ್ಲು ಇತ್ತ. ತಪ್ಪಿದಾಗ ಎಳೆದು ಸೆಟ್. ಸರಿಯಾದಾಗ ಚಿಕ್ಕದಾಗಿ ಸೆಟ್. ನಿಮ್ಮ ಲೆಕ್ಕ ತಾಳೆಯಾಯಿತು ಮಾವ. ಕೆಲಸ ಮುಗಿದ ಮೇಲೆ ಹಳೆಯ ಸ್ಟೂಲಿನ ಕಾಲು ಕೊಯ್ದು ನೋಡಿದರು. ಬೆಣ್ಣೆ ಕೊಯ್ದ ಹಾಗಾಯಿತು. ಈಗ ನಮ್ಮ ಮನೆಯಲ್ಲಿ ಒಂದು ಸ್ಟೂಲು ಕುಂಟುತ್ತದೆ.

ಶಾಲೆಯಲ್ಲಿ ನಾನು ಮಕ್ಕಳಿಗೆ ಗಣಗಳ ಪಾಠ ಮಾಡುತ್ತೇನೆ. ಇಂಗ್ಲಿಷಿನಲ್ಲಿ ಅದಕ್ಕೂ ಸೆಟ್ ಅಂತಲೇ ಹೆಸರು. ಮೊನ್ನೆ ಬೋರ್ಡಿನ ಮೇಲೆ ಆ ಪದ ಬರೆದವಳು ಸುಮ್ಮನೆ ನಿಂತುಬಿಟ್ಟೆ. ಮುಂದಿನ ಬೆಂಚಿನ ಹುಡುಗಿ, "ಮಿಸ್, ಮರ್ತೋಯ್ತಾ?" ಅಂದಳು.

ಮಧ್ಯಾಹ್ನದ ಸಿಟ್ಟು ಮಾತ್ರ ನಿಂತಿಲ್ಲ. ಅದೇ ಗೋಡೆ, ಅದೇ ಚೌಕ. ಆ ದನಿ ಚಿಕ್ಕದೂ ಅಲ್ಲ, ಎಳೆದದ್ದೂ ಅಲ್ಲ, ಮೂಗಿನದೂ ಅಲ್ಲ. ಗಾಳಿಯಲ್ಲಿ ಬರೆಯುವ ಚೌಕ ಬಾಗಿಲಿನಷ್ಟು ದೊಡ್ಡದು. ನಿಮಗೇನಾದರೂ ಹೊಳೆಯುತ್ತದೆಯೇ?

ಇನ್ನೊಂದು ಕೇಳಲೇ? ನೀವಿಬ್ಬರೂ ಯಾಕೆ ಮಾತು ಬಿಟ್ಟಿರಿ? ಅಮ್ಮನನ್ನು ಕೇಳಿದರೆ "ಗಂಡಸ್ರ ಜಗಳ, ಚಹಾ ಆರೋದ್ರೊಳಗೆ ಮುಗೀಬೇಕಿತ್ತು" ಅನ್ನುತ್ತಾರೆ, ಅಷ್ಟೇ.

ನಿಮ್ಮ
ಮೊಳೆಮರಿ


ಜುಲೈ ೨೦

ಮೊಳೆಮರಿಗೆ,

ಬಾಗಿಲಿನಷ್ಟು ದೊಡ್ಡ ಚೌಕ ಅಂದೆಯಲ್ಲ, ಅದು ಬಾಗಿಲೇ. ಯಾವ ಬಾಗಿಲು ಅಂತ ಹೇಳುತ್ತೇನೆ ಕೇಳು. ನೀನು ಕೇಳಿದ ಇನ್ನೊಂದು ಪ್ರಶ್ನೆಗೂ ಉತ್ತರ ಅದರಲ್ಲೇ ಇದೆ.

ಅದೊಂದು ನಗೆನಾಟಕ. ಕೊನೆಯ ಅಂಕ ಸಮುದ್ರದ ದಡದಲ್ಲಿ. ಹಿಂದಿನ ಗೋಡೆಗೆ ಸನ್‌ಸೆಟ್ ಬೇಕು ಅಂದರು ನಿರ್ದೇಶಕರು. ನಿಮ್ಮಪ್ಪ ಚೌಕಟ್ಟು ಮಾಡಿ, ತೆಳು ಹಲಗೆ ಹೊಡೆದು, ಮೇಲೆ ಕ್ಯಾನ್ವಾಸು ಬಿಗಿದುಕೊಟ್ಟ, ರಂಗದ ಅಗಲಕ್ಕೂ. ನಾನು ತಿಂಗಳುಗಟ್ಟಲೆ ಅದರ ಮುಂದೆ ಏಣಿ ಹಾಕಿಕೊಂಡು ಬದುಕಿದೆ. ಮುಳುಗುವ ಸೂರ್ಯನನ್ನು ಯಾವ ಕೈಯಾದರೂ ಬರೆಯುತ್ತದೆ ಮಗಳೇ. ಕೆಂಪು ಬಳಿದು ದುಂಡಗೆ ಮಾಡಿದರೆ ಆಯಿತು. ನಾನು ಬರೆದದ್ದು ಮುಳುಗಲೋ ಬೇಡವೋ ಅಂತ ನೀರಿನ ಮೇಲೆ ಒಂದು ಗಳಿಗೆ ನಿಂತ ಸೂರ್ಯನನ್ನು. ನಗೆನಾಟಕಕ್ಕೆ ಅಷ್ಟೆಲ್ಲ ಯಾಕೆ ಅಂದರು ಕೆಲವರು. ನಿಮ್ಮಪ್ಪ ಮಾತ್ರ ಬೆಂಚಿನ ಮೇಲೆ ಕೂತು ಬಹಳ ಹೊತ್ತು ನೋಡಿದ. ಏನೂ ಹೇಳಲಿಲ್ಲ. ಆ ಒಂದು ಪದವನ್ನೂ ಹೇಳಲಿಲ್ಲ. ಅದಕ್ಕಿಂತ ದೊಡ್ಡ ಬಹುಮಾನ ನನಗೆ ಯಾರೂ ಕೊಟ್ಟಿಲ್ಲ.

ಮೊದಲ ಪ್ರದರ್ಶನದ ದಿನ ಮಧ್ಯಾಹ್ನ ನಿರ್ದೇಶಕರಿಗೆ ಹೊಸ ಯೋಚನೆ ಬಂತಂತೆ. ನಾಯಕ ಪಕ್ಕದಿಂದ ಬರುವುದು ಬೇಡ, ನಟ್ಟನಡುವಿನಿಂದ ಬರಲಿ. ನಾನು ಊಟಕ್ಕೆ ಹೋಗಿದ್ದೆ. ತಿರುಗಿ ಬಂದು ನೋಡುತ್ತೇನೆ, ನಿಮ್ಮಪ್ಪ ನನ್ನ ಸಮುದ್ರಕ್ಕೆ ಗರಗಸ ಹಾಕಿ ಬಾಗಿಲು ಕೊಯ್ದಿದ್ದಾನೆ. ಸೂರ್ಯನ ನಡುವೆಯೇ ಹಾದು ಹೋಗುವ ಬಾಗಿಲು! ಕೀಲು ಹಾಕಿದ್ದಾನೆ. ಸೂರ್ಯನಿಗೆ ಹಿಡಿ ಹಾಕಿದ್ದಾನೆ, ಹಿತ್ತಾಳೆಯ ಹಿಡಿ! ಹಾಕಿ, ಪಕ್ಕದಲ್ಲಿ ನಿಂತು, ನನ್ನ ಮುಖ ನೋಡಿ ನಕ್ಕು, "ಸೆಟ್!" ಅಂದ.

ಕೊಯ್ದದ್ದನ್ನು ಕ್ಷಮಿಸುತ್ತಿದ್ದೆನೋ ಏನೋ. ಆ ನಗು ಇದೆಯಲ್ಲ, ಅದನ್ನು ಕ್ಷಮಿಸಲು ಆಗಲಿಲ್ಲ. ಕುಂಚ ಕೆಳಗಿಟ್ಟು ಹೊರಟೆ. ಒಂದು ಮಾತು ಆಡಲಿಲ್ಲ. ಸಂಜೆಯವರೆಗೆ ಎಲ್ಲೆಲ್ಲೋ ಅಲೆದು, ರಾತ್ರಿ ಅದೇ ಬೀದಿಯಲ್ಲಿ ಬಸ್ಸಿಗೆ ನಡೆಯುವಾಗ ಹಿಂದಿನಿಂದ ಇಡೀ ಸಭಾಂಗಣ ಗೊಳ್ಳೆಂದು ನಕ್ಕದ್ದು ಕೇಳಿಸಿತು. ನಾಯಕ ಸೂರ್ಯನ ಹಿಡಿ ತಿರುಗಿಸಿ ಬಾಗಿಲು ತೆಗೆದು ಇಣುಕಿದನಂತೆ. ಮೇಕಪ್ ಅಕ್ಕ ಆಮೇಲೆ ಹೇಳಿದಳು.

ಆ ಕಂಪನಿಗೆ ಮತ್ತೆ ಕಾಲಿಡಲಿಲ್ಲ. ಈ ಊರಿಗೆ ಬಂದು ಅಂಗಡಿಗಳ ಬೋರ್ಡು ಬರೆದೆ. ಈಗ ಬೋರ್ಡನ್ನೂ ಯಂತ್ರವೇ ಅಚ್ಚು ಹಾಕುತ್ತದೆ. ನಾನು ಬಾಗಿಲ ಮೇಲೆ ಹೆಸರು ಬರೆಯುತ್ತೇನೆ, ಗಾಡಿಗೆ ನಂಬರು ಬರೆಯುತ್ತೇನೆ.

ಹನ್ನೆರಡು ವರ್ಷವಾದರೂ ಅವನು ಗಾಳಿಯಲ್ಲಿ ಬಾಗಿಲು ಬರೆದು ಸೆಟ್ ಅನ್ನುತ್ತಿದ್ದಾನೆ ಅಂದರೆ ನನ್ನನ್ನು ಇನ್ನೂ ಅಣಕಿಸುತ್ತಿದ್ದಾನೆ. ಇಲ್ಲವಾದರೆ ಪಶ್ಚಾತ್ತಾಪ. ಎರಡರಲ್ಲಿ ಯಾವುದು ಅಂತ ಕೇಳಿ ಬರೆ.

ಬಣ್ಣದ ಮಾವ


ಆಗಸ್ಟ್ ೨

ಮಾವನಿಗೆ,

ಕೋಪ ಮಾಡಿಕೊಳ್ಳಬೇಡಿ. ಆ ಚೌಕ ನಿಮ್ಮ ಬಾಗಿಲಲ್ಲ. ಕಿಟಕಿ.

ಅಪ್ಪ ಆಸ್ಪತ್ರೆಯಿಂದ ಬಂದಾಗ ಬಚ್ಚಲು ಹತ್ತಿರವಾಗಲಿ ಅಂತ ಮಂಚವನ್ನು ಒಳಗೋಡೆಗೆ ತಳ್ಳಿದ್ದೆವು. ಅದನ್ನು ಕಿಟಕಿಯ ಕಡೆ ತಿರುಗಿಸಿ ಅಂತ ನಾಲ್ಕು ತಿಂಗಳಿಂದ ಬೇಡುತ್ತಿದ್ದರು ಪಾಪ. ಮೊನ್ನೆ ಗೋಡೆಗೆ ಸುಣ್ಣ ಬಳಿಯಲು ಬಂದವನು ಮಂಚವನ್ನು ಕಿಟಕಿ ಪಕ್ಕ ಸರಿಸಿದ. ಅಪ್ಪ ಅಲ್ಲಿ ಮಲಗಿ, "ಸೆಟ್" ಅಂದರು ನೋಡಿ, ನಾವೆಲ್ಲ ಹಣೆ ಚಚ್ಚಿಕೊಂಡೆವು. ಈಗ ಮಧ್ಯಾಹ್ನದ ಜಗಳವಿಲ್ಲ. ಬೀದಿಯಲ್ಲಿ ಯಾರು ಹೋದರು ಬಂದರು ಅಂತ ನೋಡುತ್ತಾ ಕೂರುತ್ತಾರೆ.

ನಿಮ್ಮ ಪತ್ರವನ್ನು ಅಪ್ಪನಿಗೆ ಓದಬಾರದು ಅಂದುಕೊಂಡಿದ್ದೆ. ನಾನು ಶಾಲೆಯಲ್ಲಿದ್ದಾಗ ಅಮ್ಮ ಓದಿಬಿಟ್ಟಿದ್ದಾರೆ, ಪೂರ್ತಿಯಾಗಿ, ನಾಟಕದವರ ಹಾಗೆ ದನಿ ಏರಿಸಿ ಇಳಿಸಿ. ಸೂರ್ಯನಿಗೆ ಹಿಡಿ ಅನ್ನುವಲ್ಲಿಗೆ ಬಂದಾಗ ಅಪ್ಪ ನಗಲು ಶುರು ಮಾಡಿದರಂತೆ. ನಕ್ಕು ನಕ್ಕು ಕೆಮ್ಮು ಬಂತಂತೆ. ಒಂದು ಮಾತೂ ಆಡದೆ ಹೊರಟೆ ಅನ್ನುವಲ್ಲಿ ಅಳು. ಲಕ್ವ ಹೊಡೆದವರಿಗೆ ನಗು ಅಳು ಎರಡೂ ಕಟ್ಟು ಮೀರುವುದುಂಟು, ಗಾಬರಿಯಾಗಬೇಡಿ ಅಂತ ಮೇಡಂ ಹೇಳಿದರು. ಅವರು ಹೋದ ಮೇಲೆ ಅಮ್ಮ ಅಂದರು: "ಆ ಮೇಡಂ ಹೇಳೋದು ಸರಿ ಇರಬಹುದು. ಆದ್ರೆ ಈ ಅಳು ಆ ಅಳು ಅಲ್ಲ."

ಪತ್ರ ಈಗ ಅಪ್ಪನ ದಿಂಬಿನಡಿ ಇದೆ. ವಾಪಸು ಕೇಳಿದರೆ ಕೊಡುವುದಿಲ್ಲ.

ಮೊದಲ ಪತ್ರದಲ್ಲಿ, ಬನ್ನಿ ಅಂತ ಕರೆಯುತ್ತಿಲ್ಲ ಅಂದಿದ್ದೆ. ಈಗ ಕರೆಯುತ್ತಿದ್ದೇನೆ. ಬನ್ನಿ.

ಮೊಳೆಮರಿ


ಆಗಸ್ಟ್ ೧೧

ಮೊಳೆಮರಿಗೆ,

ಬರುವುದಿಲ್ಲ.

ಕಣ್ಣು ಸರಿಯಿಲ್ಲ. ಪೊರೆ ಬಂದಿದೆ. ಲೋಕವೆಲ್ಲ ಚಹಾದಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತದೆ. ಬಸ್ಸಿನ ಬೋರ್ಡು ಓದಲು ಪಕ್ಕದವರನ್ನು ಕೇಳಬೇಕು. ಬೋರ್ಡು ಬರೆಯುತ್ತಿದ್ದವನು ನಾನು, ನಾಚಿಕೆಯಾಗುತ್ತದೆ.

ಬಣ್ಣದ ಮಾವ

ಕಿಟಕಿ ಯಾವ ದಿಕ್ಕಿಗಿದೆ? ಮಧ್ಯಾಹ್ನದ ಬೆಳಕು ಅವನ ಕಣ್ಣಿಗೆ ಚುಚ್ಚುವುದಿಲ್ಲವೇ? ಚುಚ್ಚಿದರೆ ತೆಳುವಾದ ಹಳದಿ ಬಟ್ಟೆ ಕಟ್ಟು, ಬಿಳಿ ಬೇಡ.


ಸೆಪ್ಟೆಂಬರ್ ೫

ಮೊಳೆಮರಿಗೆ,

ನಿನ್ನೆ ನಿಮ್ಮ ಮನೆಗೆ ಬಂದು, ನೀನು ಶಾಲೆಯಿಂದ ಬರುವ ಮೊದಲೇ ಎದ್ದು ಓಡಿಬಂದವನು ನಾನೇ. ನಿನ್ನಮ್ಮ ಹೇಳಿರುತ್ತಾಳೆ. ಆದರೂ ನನ್ನ ಬಾಯಿಂದ ಕೇಳು.

ಬೆಳಗ್ಗೆ ಒಂದು ಬಾಗಿಲ ಮೇಲೆ ಹೆಸರು ಬರೆಯಲು ಹೊರಟವನು ಬಸ್ ನಿಲ್ದಾಣಕ್ಕೆ ಹೋಗಿಬಿಟ್ಟೆ. ಯಾಕೆ ಅಂತ ಕೇಳಬೇಡ. ಪಕ್ಕದವನು ಬೋರ್ಡು ಓದಿ ಹತ್ತಿಸಿದ.

ನಿನ್ನಮ್ಮ ಬಾಗಿಲು ತೆಗೆದು, ನಿನ್ನೆ ಸಂಜೆ ಹೋದವನು ಇವತ್ತು ಬಂದ ಹಾಗೆ, "ಬಂದ್ಯಾ ಅಣ್ಣಾ? ಕೂತಿರು. ಸಕ್ಕರೆ ಮುಗಿದಿದೆ, ತರ್ತೀನಿ" ಅಂತ ಚೀಲ ಹಿಡಿದು ಹೊರಟೇಬಿಟ್ಟಳು. ಆಮೇಲೆ ಅಡುಗೆಮನೆಯಲ್ಲಿ ನೋಡಿದೆ, ಡಬ್ಬಿಯ ತುಂಬ ಸಕ್ಕರೆ.

ಅವನು ಕಿಟಕಿಯ ಪಕ್ಕ ಕೂತಿದ್ದ. ಎಷ್ಟು ಇಳಿದಿದ್ದಾನೆ! ಬಲಗೈಯನ್ನು ಇನ್ನೊಬ್ಬರ ಸಾಮಾನಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ನನ್ನನ್ನು ನೋಡಿದ.

"ಸೆಟ್" ಅಂದ.

ಬಸ್ಸಿನಲ್ಲಿ ಏನೇನೋ ಮೆತ್ತಗಿನ ಮಾತು ಜೋಡಿಸಿಕೊಂಡಿದ್ದೆ. ಆ ಪದ ಕಿವಿಗೆ ಬಿದ್ದದ್ದೇ ಎಲ್ಲ ಮರೆತುಹೋಯಿತು.

"ಏನೋ ಸೆಟ್ಟು? ಹನ್ನೆರಡು ವರ್ಷ ಆಯ್ತಲ್ಲೋ! ಏನ್ ಸೆಟ್ಟು ನಿಂದು?" ಅಂದೆ.

"ಸೆಟ್" ಅಂದ, ಎದುರಿನ ಸ್ಟೂಲು ತೋರಿಸಿ.

"ಕೂರಲ್ಲ."

"ಸೆಟ್!"

"ಕೂರಲ್ಲ ಅಂದ್ನಲ್ಲ!" ಅಂತ ಕೂತೆ. ಸ್ಟೂಲು ಕುಂಟಿತು. ಬೀಳುವವನಿದ್ದೆ. ಎಡಗೈ ಚಾಚಿ ನನ್ನ ತೋಳು ಹಿಡಿದ. ಹಿಡಿದದ್ದನ್ನು ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ಹಾಗೆಯೇ ಜಗಳವಾಡಿದೆವು.

"ಒಂದೊಂದು ಅಲೆಗೂ ಒಂದೊಂದು ದಿನ ಹಾಕಿದ್ದೆ ಕಣೋ, ನಿಂಗೊತ್ತಾ?"

"ಸೆಟ್, ಸೆಟ್, ಸೆಟ್." ಗೊತ್ತು, ಗೊತ್ತು, ಎಷ್ಟು ಸಲ ಹೇಳ್ತೀಯ ಅನ್ನುವ ಹಾಗೆ.

"ಊಟ ಮುಗಿಸಿ ಬರೋವರೆಗೆ ಕಾಯೋಕೆ ಆಗ್ಲಿಲ್ವಾ? ಒಂದು ಮಾತು ಹೇಳ್ಬಹುದಿತ್ತಲ್ಲ!"

ಆಗ ತೋಳು ಬಿಟ್ಟ. ನನ್ನ ಕಡೆ ಬೆರಳು ಮಾಡಿದ. ತನ್ನ ಬಾಯಿಯ ಮೇಲೆ ಕೈಯಿಟ್ಟ. ಆಮೇಲೆ ಎರಡು ಬೆರಳನ್ನು ಕಿಟಕಿಯ ಕಟ್ಟೆಯ ಮೇಲೆ ನಡೆಸಿಕೊಂಡು ಹೋಗಿ ಆಚೆ ಬೀಳಿಸಿದ. "ಸೆಟ್!" ಅಂತ ಗುಡುಗಿದ. ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸು ನಿಂತು ನೋಡಿದಳು.

ಅರ್ಥವಾಯಿತು ಮಗಳೇ. ಒಂದು ಮಾತೂ ಆಡದೆ ಎದ್ದುಹೋದವನು ನೀನು ಅಂದ. ನನಗೆ ಬಾಯಿ ತುಂಬ ಮಾತು, ಅವನಿಗೆ ಒಂದೇ ಪದ. ಆದರೂ ಗೆದ್ದವನು ಅವನು.

ಕಿಟಕಿಗೆ ಹಳದಿ ಬಟ್ಟೆ ಕಟ್ಟಿದ್ದೀಯ, ನೋಡಿದೆ.

ಆಮೇಲೆ ಮೆತ್ತಗೆ ಕೇಳಿದೆ: "ಹೋಗ್ಲಿ. ಯಾಕೋ ಕೊಯ್ದೆ? ಅದೂ ಸೂರ್ಯನ ಮಧ್ಯಕ್ಕೇ? ಪಕ್ಕದಲ್ಲಿ ಕೊಯ್ಬಹುದಿತ್ತಲ್ಲ."

ಹೇಳಲು ನೋಡಿದ. ಹಣೆಯಲ್ಲಿ ಬೆವರು ಬಂತು. "ಸೆಟ್... ಸೆ..." ಅನ್ನುತ್ತಾ ಕೈಯೆತ್ತಿ ನನ್ನ ಕೆನ್ನೆಯ ಹತ್ತಿರ ತಂದ, ಮತ್ತೆ ಇಳಿಸಿದ. ನನಗೆ ಹೊಳೆಯಲಿಲ್ಲ. ಅವನ ಎಲ್ಲ ಸೆಟ್ಟುಗಳೂ ನನಗೆ ಗೊತ್ತು ಅಂದುಕೊಂಡಿದ್ದೆ, ಇದೊಂದು ಗೊತ್ತಾಗಲಿಲ್ಲ. ಕುರ್ಚಿಯ ಕೈಗೆ ಗುದ್ದಿ ಮುಖ ತಿರುಗಿಸಿಕೊಂಡ. ಅವನನ್ನು ಹಾಗೆ ನೋಡಲಾರದೆ ಎದ್ದುಬಂದೆ.

ಮತ್ತೆ ಅದೇ ಮಾಡಿದೆ ನೋಡು, ಎದ್ದುಬಂದೆ. ಬಾಗಿಲಿನಿಂದ ತಿರುಗಿ, "ಬುಧವಾರ ಬರ್ತೀನಿ" ಅಂದೆ. ಅವನು ತಿರುಗಿ ನೋಡಲಿಲ್ಲ. ಆದರೆ ಚಿಕ್ಕದಾಗಿ ಅಂದ, ಪರದೆ ಎಳಿ ಅನ್ನುವ ದನಿಯಲ್ಲಿ.

ಬುಧವಾರ ಬರುತ್ತೇನೆ ಅಂತ ನಿನ್ನಮ್ಮನಿಗೂ ಹೇಳು. ಸಕ್ಕರೆ ಇರಲಿ.

ಬಣ್ಣದ ಮಾವ


ನವೆಂಬರ್ ೧೬

ಮಾವನಿಗೆ,

ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು ಅಂತ ನಿಮ್ಮ ತಂಗಿ ಬರೆದ ಕಾರ್ಡು ಬಂತು. ಪಟ್ಟಿ ಬಿಚ್ಚುವವರೆಗೆ ಅವರ ಮನೆಯಲ್ಲೇ ಇರಿ, ಅವಸರ ಬೇಡ. ಅಮ್ಮನೂ ಹಾಗೇ ಹೇಳಿದ್ದಾರೆ.

ನೀವಿಲ್ಲದ ಮೊದಲ ಬುಧವಾರ ಅಪ್ಪ ಬೆಳಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ಹಾಕಿಸಿಕೊಂಡು ಕೂತರು. ಮಾವ ಆಪರೇಷನ್‌ಗೆ ಹೋಗಿದಾರೆ ಅಂತ ಎಷ್ಟು ಹೇಳಿದರೂ ಬಸ್ಸಿನ ಸದ್ದು ಬಂದಾಗಲೆಲ್ಲ "ಸೆಟ್?" ಅನ್ನುತ್ತಿದ್ದರು. ಸಂಜೆ ನನ್ನನ್ನು ಕರೆದು, ಎಡಗೈಯಲ್ಲಿ ಗೀಚುವ ಹಾಗೆ ಮಾಡಿ ತೋರಿಸಿದರು.

"ಪತ್ರ ಬರೀಬೇಕಾ? ಮಾವನಿಗಾ?"

"ಸೆಟ್."

ಹಾಗಾಗಿ ಇದು ಅಪ್ಪನ ಪತ್ರ, ಕೈ ಮಾತ್ರ ನನ್ನದು. ನಾನು ಒಂದು ಸಾಲು ಬರೆದು ಓದುವುದು, ಅವರು ಸರಿ ಅಥವಾ ಅಲ್ಲ ಅನ್ನುವುದು. ಎರಡಕ್ಕೂ ಪದ ಒಂದೇ ಅಂತ ನಿಮಗೆ ಗೊತ್ತಲ್ಲ. ಎರಡು ಸಂಜೆ ಹಿಡಿಯಿತು. ಅಪ್ಪ ಒಪ್ಪಿದ ಸಾಲುಗಳು ಇವು:

"ಕುಂಚ, ಕಣ್ಣು ಉಜ್ಜಿಕೊಳ್ಳಬೇಡ. ನಿನಗೆ ಆ ಚಾಳಿ ಇದೆ.

"ಸ್ಟೂಲಿನ ಕಾಲು ಸರಿ ಮಾಡಿದ್ದೇನೆ. ಮಗಳು ಹಿಡಿದುಕೊಂಡಳು, ನಾನು ಎಡಗೈಯಲ್ಲಿ ಮಾಡಿದೆ. ಚೆನ್ನಾಗಿ ಬಂದಿಲ್ಲ."

ಇಲ್ಲಿಗೆ ಮುಗಿಯಿತು ಅಂದುಕೊಂಡು ಪೆನ್ನು ಮುಚ್ಚಿದೆ. ಅಪ್ಪ ನನ್ನ ಮುಂಗೈ ಹಿಡಿದರು. ಇನ್ನೂ ಇದೆ. ದಿಂಬಿನಡಿಯಿಂದ ನಿಮ್ಮ ಜುಲೈ ತಿಂಗಳ ಪತ್ರ ತೆಗೆದು ಹಾಸಿಗೆಯ ಮೇಲೆ ಹರಡಿದರು. ನೀವು ಮೊದಲ ಸಲ ಇಲ್ಲಿಗೆ ಬಂದಾಗ ಕೇಳಿದ ಪ್ರಶ್ನೆ ಅಂತ ಗೊತ್ತಾಯಿತು.

"ಯಾಕೆ ಕೊಯ್ದಿರಿ ಅಂತ ಬರೀಲಾ ಅಪ್ಪಾ?" ಸರಿ.

"ನಿರ್ದೇಶಕರು ಬಲವಂತ ಮಾಡಿದ್ರು." ಅಲ್ಲ.

"ಹೊತ್ತಿರಲಿಲ್ಲ." ಅಲ್ಲ.

"ಆ ಚಿತ್ರ ನಿಮಗೆ ಇಷ್ಟ ಆಗಿರಲಿಲ್ಲ." ದಿಂಬು ಬಂತು.

"ಇಷ್ಟ ಆಗಿತ್ತು, ಹೊಟ್ಟೆಕಿಚ್ಚಾಯ್ತು." ಇನ್ನೊಂದು ದಿಂಬು.

"ತಪ್ಪು ಮಾಡಿದೆ, ಕ್ಷಮಿಸು ಅಂತ ಬರೀಲಾ?" ಸ್ವಲ್ಪ ಯೋಚಿಸಿದರು. ಅದೂ ಅಲ್ಲ. ಬೇಕಾದರೆ ಆಮೇಲೆ ನೋಡೋಣ ಅನ್ನುವ ಹಾಗೆ ಕೈಯಾಡಿಸಿದರು.

ನನಗೆ ಸಾಕಾಗಿತ್ತು. ಅಪ್ಪ ಕೈಯೆತ್ತಿ ನನ್ನ ಕೆನ್ನೆಯ ಹತ್ತಿರ ತಂದರು, ನಿಮ್ಮ ಹತ್ತಿರ ತಂದ ಹಾಗೆ. ಈ ಸಲ ಇಳಿಸಲಿಲ್ಲ. ನನ್ನ ತುಟಿಯ ಅಂಚನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿದರು, ಚಿಕ್ಕವಳಿದ್ದಾಗ ನಾನು ಮುಖ ಊದಿಸಿಕೊಂಡರೆ ಮಾಡುತ್ತಿದ್ದ ಹಾಗೆ.

"ಏನಪ್ಪಾ? ನಗಬೇಕಾ?" ಅಂದೆ. ಹಾಗಂದವಳು ಅಲ್ಲೇ ನಿಂತೆ. "ಮಾವ ನಗ್ತಾರೆ ಅಂದ್ಕೊಂಡ್ರಾ?"

ಅಪ್ಪ ಏನೂ ಅನ್ನಲಿಲ್ಲ ಮಾವ. ಆ ಒಂದು ಪದವನ್ನೂ ಅನ್ನಲಿಲ್ಲ. ನನ್ನ ಕೈಯಲ್ಲಿದ್ದ ಪೆನ್ನಿನ ಕಡೆ ತೋರಿಸಿದರು. ಆದ್ದರಿಂದ ಬರೆಯುತ್ತಿದ್ದೇನೆ:

"ಹಿಡಿ ನೋಡಿದರೆ ನೀನು ನಗುತ್ತೀಯ ಅಂದುಕೊಂಡಿದ್ದೆ."

ಕೆಳಗಿನ ಗೀಟು ಅಪ್ಪ ಎಡಗೈಯಲ್ಲಿ ಹಾಕಿದ ಸಹಿ.

ಮೊಳೆಮರಿ


ನವೆಂಬರ್ ೨೪

ಮೊಳೆಮರಿಗೆ,

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಒಂದೇ ಕಣ್ಣಿನಲ್ಲಿ ಬರೆಯುತ್ತಿದ್ದೇನೆ. ತಂಗಿಗೆ ಹೇಳಿ ಬರೆಸಬಹುದಿತ್ತು, ಆದರೆ ಇದನ್ನು ಬರೆಸಲು ಮನಸ್ಸು ಒಪ್ಪಲಿಲ್ಲ.

ನಿನ್ನ ಪತ್ರವನ್ನು ತಂಗಿಯೇ ಓದಿದಳು. ಕೊನೆಯ ಸಾಲಿಗೆ ಬಂದು ನಿಂತಳು. "ಮುಂದೆ ಓದು" ಅಂದೆ. "ಮುಂದೆ ಇಲ್ಲ ಅಣ್ಣಾ, ಒಂದು ಗೀಟಿದೆ ಅಷ್ಟೇ" ಅಂದಳು.

ಆಗ ನನಗೆ ನಗು ಬರಲಿಲ್ಲ. ಬೇರೆ ಏನೋ ಕಾಣಿಸಿತು. ಆ ದಿನ ಸಭಾಂಗಣದಲ್ಲಿ ಅಷ್ಟೂ ಜನ ನಕ್ಕರು. ಬೀದಿಯಲ್ಲಿ ನಾನು ನಗಲಿಲ್ಲ. ಆ ಬಾಗಿಲಿನ ಹಿಂದೆ ಕತ್ತಲಲ್ಲಿ, ಚೌಕಟ್ಟು ಅಲುಗಾಡದಂತೆ ಹಿಡಿದು ನಿಂತಿರಬೇಕಾದವನು ಅವನು. ಅವನೂ ನಕ್ಕಿರಲಾರ. ಯಾರಿಗೋಸ್ಕರ ಮಾಡಿದ್ದನೋ ಅವನೇ ಇರಲಿಲ್ಲವಲ್ಲ. ನಾನೊಬ್ಬ ನಗಲಿ ಅಂತ ಅವನು ಸೂರ್ಯನಿಗೆ ಹಿಡಿ ಹಾಕಿದ, ನಾನು ಲೋಕವೆಲ್ಲ ನನ್ನನ್ನು ನೋಡಿ ನಗುತ್ತಿದೆ ಅಂದುಕೊಂಡು ಊರೇ ಬಿಟ್ಟೆ.

ಎರಡು ದಿನ ಹೀಗೇ ಹೋಯಿತು. ಡಾಕ್ಟರು ಬಗ್ಗಬೇಡಿ, ಸೀನಬೇಡಿ, ಜೋರಾಗಿ ನಗಬೇಡಿ, ಹೊಲಿಗೆ ಇದೆ ಅಂದಿದ್ದರು. ಇವತ್ತು ಬೆಳಗ್ಗೆ ತಂಗಿ ತಲೆ ಹಿಂದಕ್ಕೆ ಒರಗಿಸಿ ಕಣ್ಣಿಗೆ ಹನಿ ಹಾಕುತ್ತಿದ್ದಳು. ಯಾವ ಮಾಯದಲ್ಲೋ ಆ ಹಿತ್ತಾಳೆ ಹಿಡಿ ಕಣ್ಣ ಮುಂದೆ ಬಂತು. ಅದು ಸುಮ್ಮನೆ ಸಿಕ್ಕ ಹಿಡಿಯಲ್ಲ ಮಗಳೇ, ಉಜ್ಜಿ ಹೊಳಪು ಕೊಟ್ಟಿದ್ದ! ನನ್ನ ಸೂರ್ಯನ ಬಣ್ಣಕ್ಕೆ ಹೊಂದುವಷ್ಟು ಉಜ್ಜಿದ್ದ, ಆ ಕತ್ತೆ!

ಬಂತು ನೋಡು ನಗು. ಹೊಟ್ಟೆಯಿಂದ ಬಂತು. ಹನಿಯೆಲ್ಲ ಕಿವಿಯೊಳಗೆ ಹೋಯಿತು. "ಅಣ್ಣಾ, ಸುಮ್ನಿರೋ, ಕಣ್ಣು ಹೋಗುತ್ತೆ!" ಅಂತ ತಂಗಿ ಕಿರುಚಿದಳು. ಅವಳು ಕಿರುಚಿದಷ್ಟೂ ನಗು ಹೆಚ್ಚಾಯಿತು. ಕೊನೆಗೆ ಏನು ಎತ್ತ ಗೊತ್ತಿಲ್ಲದೆ ಅವಳೂ ನಗಲು ಶುರು ಮಾಡಿದಳು. ಕಣ್ಣಿಗೆ ಏನೂ ಆಗಿಲ್ಲ, ಡಾಕ್ಟರಿಗೆ ಹೇಳಿಲ್ಲ.

ಮುಂದಿನ ಬುಧವಾರ ಬರುತ್ತೇನೆ. ಅದಕ್ಕೆ ಮೊದಲು ಈ ಪತ್ರವನ್ನು ಅವನ ಪಕ್ಕ ಕೂತು ಜೋರಾಗಿ ಓದು. ಕುಂಚ ನಕ್ಕ ಅಂತ ಹೇಳು. ತಡವಾಯಿತು, ಆದರೆ ಚೆನ್ನಾಗಿ ನಕ್ಕ ಅಂತ ಹೇಳು.

ಅದಕ್ಕೆ ಅವನು ಏನೆಂದ ಅಂತ ನನಗೆ ಬರೆಯಬೇಡ. ಗೊತ್ತು.

ನಿನ್ನ
ಬಣ್ಣದ ಮಾವ